ಅಕ್ಕನ ಮನೆಗೆ ಹತ್ತಿರದ ದಾರಿ

ಹೋದ ವಾರ ಸಿರುಗುಪ್ಪದಲ್ಲಿ ನಮ್ಮ ಅಕ್ಕ ನನ್ನ ಮೊಮ್ಮಗಳ ಮದುವೆ ಕಾರ್ಡನ್ನು ಕೈಯಲ್ಲಿ ಮುಟ್ಟಲಿಲ್ಲ.

'ಅಲ್ಲೇ ಟಿವಿ ಮ್ಯಾಲೆ ಇಟ್ಟು ಹೋಗ್ರಿ' ಅಂದಳು. ನನಗೆ 'ಹೋಗ್ರಿ'! ಹುಟ್ಟಿದಾಗಿನಿಂದ 'ಲೇ' ಎಂದೇ ಕರೆದವಳು ಇದ್ದಕ್ಕಿದ್ದಂತೆ ಮರ್ಯಾದೆ ಕೊಟ್ಟರೆ ಎದೆ ಝಲ್ಲೆನ್ನದೆ ಇರುತ್ತದೆಯೇ?

ಆಗಿದ್ದು ಇಷ್ಟೇ. ಅವಳಿಗಿಂತ ಮೊದಲು ಕುರುಗೋಡಿನ ನಮ್ಮ ತಂಗಿಗೆ ಕಾರ್ಡು ಕೊಟ್ಟುಬಿಟ್ಟಿದ್ದೆವು. ನಮ್ಮ ಮನೆತನದಲ್ಲಿ ಮೊದಲ ಕಾರ್ಡು ದೇವರಿಗೆ, ಆಮೇಲಿನದು ಹಿರಿಯರಿಗೆ. ಅಪ್ಪ ಅವ್ವ ಹೋದ ಮೇಲೆ ಹಿರಿಯರೆಂದರೆ ಅಕ್ಕನೇ. ಮುಚ್ಚಿಡೋಣವೆಂದರೆ ಅದೂ ಸಾಧ್ಯವಿಲ್ಲ. (ನಮ್ಮ ಸುಮೋ ಕುರುಗೋಡು ದಾಟುವ ಮೊದಲೇ ತಂಗಿಯ ಮೊಬೈಲು ಸಿರುಗುಪ್ಪ ಮುಟ್ಟಿತ್ತು.)

ತಪ್ಪು ಯಾರದು? ಕಂಪ್ಯೂಟರಿನದು! ಎಂದು ಎಲ್ಲರೂ ನಂಬಿದರು. ನಾನೂ ನಂಬಿಸಿದೆ. ಇವತ್ತು ಈ ಅಂಕಣದಲ್ಲಿ ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಬಳ್ಳಾರಿಯಲ್ಲಿ ಈಗ ಬಾಡಿಗೆ ಗಾಡಿ ಸಿಗುವುದು ವರ ಸಿಗುವುದಕ್ಕಿಂತ ಕಷ್ಟ. ಇರುವ ಗಾಡಿಗಳೆಲ್ಲ ಗಣಿಯ ಕಡೆ ಮುಖ ಮಾಡಿವೆ. ನನ್ನ ಮಗ ಬಸವರಾಜ ಅವರಿವರ ಕೈಕಾಲು ಹಿಡಿದು ಒಂದು ಸುಮೋ ಹೊಂದಿಸಿದ. ಅದೂ ಒಂದೇ ದಿನಕ್ಕೆ. ಆ ದಿನದಲ್ಲಿ ಕುರುಗೋಡು, ಸಿರಿಗೇರಿ, ಸಿರುಗುಪ್ಪ, ನಡುವಿನ ಹಳ್ಳಿಗಳು, ಎಲ್ಲ ಮುಗಿಸಿ ಬರಬೇಕು.

ಇಂಥ ಕೆಲಸಕ್ಕೆ ನಮ್ಮ ಮನೆಯಲ್ಲಿ ನಾನೇ ಹೈಕಮಾಂಡ್. ಓದಿದ್ದು ಹೈಸ್ಕೂಲಾದರೂ ಇವೇ ರಸ್ತೆಗಳಲ್ಲಿ 'ರೈಟ್ ರೈಟ್' ಎಂದು ಕೂಗಿ ನಿವೃತ್ತನಾದ ಬಸ್ ಕಂಡಕ್ಟರ್ ನಾನು. ಯಾವ ಹುಣಸೆಮರದ ಹತ್ತಿರ ಯಾವ ಊರಿಗೆ ದಾರಿ ಒಡೆಯುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಬಸವರಾಜ ನನ್ನನ್ನು ಕೇಳಲಿಲ್ಲ. ಶಬಾನಾಳನ್ನು ಕೇಳಿದ!

ಶಬಾನಾ ಅಂದರೆ ಬ್ರೂಸ್‌ಪೇಟೆಯಲ್ಲಿ ನಮ್ಮ ಕಾರ್ಡು ಪ್ರಿಂಟ್ ಮಾಡಿದ ಕಾಸಿಂ ಸಾಬರ ಮಗಳು. ಕಂಪ್ಯೂಟರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹತ್ತಾರು ಕಡೆ ಹೋಗಿ ಮನೆಗೆ ವಾಪಸ್ ಬರಬೇಕಾದರೆ ಎಲ್ಲಕ್ಕಿಂತ ಚಿಕ್ಕ ದಾರಿ ಯಾವುದು? ಅದನ್ನು ಹುಡುಕುವ ವಿಧಾನಗಳೇ ಅವಳ ವಿಷಯವಂತೆ.

'ಇದಕ್ಕೂ ಪಿಎಚ್.ಡಿ. ಬೇಕೇನಮ್ಮಾ?' ಎಂದು ಕೆಣಕಿದೆ.

'ಲೆಕ್ಕ ಒಂದಾ ತಾತ, ಗಿರಾಕಿ ಬ್ಯಾರೆ ಬ್ಯಾರೆ' ಅಂದಳು. 'ಸರ್ಕ್ಯೂಟ್ ಬೋರ್ಡಿಗೆ ತೂತು ಹಾಕೋ ಮಷಿನ್ನು ಯಾವ ತೂತಿಂದ ಯಾವ ತೂತಿಗೆ ಹೋಗ್ಬೇಕು? ಇದಾ ಲೆಕ್ಕ. ದುರ್ಬೀನು ಒಂದು ನಕ್ಷತ್ರ ನೋಡಿ ಆಮ್ಯಾಲೆ ಯಾವ್ದಕ್ಕ ತಿರುಗ್ಬೇಕು? ಇದಾ ಲೆಕ್ಕ. ಡಿಎನ್‌ಎ ಚೂರು ಜೋಡ್ಸೋರೂ ಇದನ್ನಾ ಹಿಡಿತಾರ.'

ಅಂದರೆ ಆಕಾಶದ ನಕ್ಷತ್ರವೂ ಸಿರಿಗೇರಿಯ ನನ್ನ ಷಡ್ಡಕನೂ ಇವಳಿಗೆ ಒಂದೇ! (ಷಡ್ಡಕನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದಾನೆ.)

ಊರುಗಳನ್ನೆಲ್ಲ ಕೇಳಿಕೊಂಡ ಮೇಲೆ ಹುಡುಗಿ ನನ್ನ ಕಡೆ ತಿರುಗಿದಳು. 'ತಾತ, ಇನ್ನೇನರ ಕಂಡೀಶನ್ ಅದಾವೇನ್ರಿ? ಮಷಿನ್ನಿಗೆ ತಾನಾಗೇ ಏನೂ ತಿಳಿಯಂಗಿಲ್ಲ. ನಾವಾ ಹೇಳ್ಬೇಕು.'

ಅಕ್ಕನ ಮನೆ ಮೊದಲಾಗಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

'ಏನೂ ಇಲ್ಲಮ್ಮಾ. ನಿನ್ನ ಕಂಪ್ಯೂಟರ್ ಹೆಂಗಂತೈತೋ ಹಂಗ.'

ಯಾಕೆ ಹಾಗೆ ಮಾಡಿದೆ? ಅದು ಒಮ್ಮೆ ಮುಗ್ಗರಿಸಲಿ ಎಂದು. ಎಲ್ಲರೂ 'ನೀನಾ ಹೇಳು ತಾತ' ಎಂದು ನನ್ನ ಹತ್ತಿರ ಓಡಿ ಬರಲಿ ಎಂದು. ಯಾರೂ ಬರಲಿಲ್ಲ. ಬೆಳಿಗ್ಗೆ ಸುಮೋ ಕುರುಗೋಡಿನ ರಸ್ತೆಗೆ ತಿರುಗಿತು. ಈಗ ಹೇಳಿದರೆ ಗೊತ್ತಿದ್ದೂ ಸುಮ್ಮನಿದ್ದದ್ದು ಬಯಲಾಗುತ್ತದೆ. ಮುಂದಿನ ಸೀಟಿನಲ್ಲಿ ಬಾಯಿ ಹೊಲಿದುಕೊಂಡು ಕೂತೆ.

ಸಿರುಗುಪ್ಪದಲ್ಲಿ ಬಸವರಾಜ ಗಾಬರಿಯಿಂದ, 'ಅತ್ತಿ, ಅದು ಕಂಪ್ಯೂಟರ್ ಹಾಕಿಕೊಟ್ಟ ದಾರಿ. ಕಾಸಿಂ ಸಾಬರ ಮಗಳು ಮಾಡಿಕೊಟ್ಟಾಳ' ಅಂದ.

'ನಮ್ಮ ಮನ್ಯಾಗ ಹಿರೇರ್ಯಾರು ಕಿರೇರ್ಯಾರು ಅಂತ ಆ ಹುಡುಗಿ ತೀರ್ಮಾನ ಮಾಡ್ತಾಳೇನು? ನಾ ಮದುವಿಗೆ ಬರಂಗಿಲ್ಲ!'

ನಾನು? ನೀರಿನ ಚೊಂಬು ಎತ್ತಿ ಕುಡಿಯುತ್ತಲೇ ಇದ್ದೆ. ಅಕ್ಕ ಅಂದೇ ಬೀಗರು ಬಿಜ್ಜರಿಗೆಲ್ಲ ಫೋನ್ ಮಾಡಿ ಶಬಾನಾಳಿಗೆ ಮಂಗಳಾರತಿ ಎತ್ತಿದಳು.

ಸುದ್ದಿ ಕಿವಿಗೆ ಬಿದ್ದು ಮರುದಿನ ಆ ಹುಡುಗಿಯೇ ನಮ್ಮ ಮನೆಗೆ ಬಂದಳು. ಕಣ್ಣು ಕೆಂಪಾಗಿದ್ದವು. 'ತಪ್ಪಾತು ತಾತ. ನಾನಾ ಇನ್ನೊಮ್ಮಿ ಕೇಳಬೇಕಿತ್ತು' ಅಂದಳು. ಆಮೇಲೆ ಕೈಬೆರಳಿನಿಂದ ಟೀಪಾಯಿಯ ಮೇಲೆ ಒಂದು ಸುತ್ತು ಎಳೆದಳು. 'ಇದು ಗೊತ್ತಿದ್ರ ಹೊಸ ಲೆಕ್ಕಾನೂ ಬೇಕಿರ್ಲಿಲ್ಲ. ಈ ಸುತ್ತು ಈ ಕಡೆಯಿಂದ ಹೋದ್ರೂ ಅಷ್ಟಾ ದೂರ, ಆ ಕಡೆಯಿಂದ ಹೋದ್ರೂ ಅಷ್ಟಾ ದೂರ. ಸಿರುಗುಪ್ಪದಿಂದ ಶುರು ಮಾಡಿ ಉಲ್ಟಾ ಬಂದಿದ್ರ ಮುಗೀತಿತ್ತು.'

ಅಯ್ಯೋ! ಜೀವನವಿಡೀ ಬಸ್ಸಿನಲ್ಲಿ ಹೋಗಿ ಬಂದವನಿಗೆ ಇದು ಹೊಳೆಯಲಿಲ್ಲವಲ್ಲ! ದಾರಿ ಒಂದು ಗೇಣೂ ಹೆಚ್ಚಾಗುತ್ತಿರಲಿಲ್ಲ, ಅಕ್ಕನ ಮರ್ಯಾದೆಯೂ ಉಳಿಯುತ್ತಿತ್ತು. ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಶಬಾನಾ ನನ್ನನ್ನೇ ನೋಡಿದಳು. 'ಇಂಥದ್ದಕ್ಕ ನಮ್ಮ ಕಡೆ ಕೆಟ್ಟ ಡೇಟಾ ಅಂತಾರ ತಾತ. ಅದು ಕುರ್ಚಿ ಮ್ಯಾಲೆ ಕುಂತು ಚಾ ಕುಡಿಯೋದು ಇವತ್ತಾ ನೋಡಿದ್ದು.'

ಅವಳನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋದೆ. ಅಕ್ಕ ಪೂರ್ತಿ ಕೇಳಿದಳು. ಶಬಾನಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. 'ಇವ ಸಣ್ಣವ ಇದ್ದಾಗಿಂದ ಹಿಂಗಾ ಮಗಾ. ಆಟದಾಗ ತಾನಾ ಅಡಗಿಕೊಂಡು, ಯಾರೂ ಹುಡುಕ್ಲಿಲ್ಲ ಅಂತ ಅಳೋನು.' ಆಮೇಲೆ ನನಗೆ ತೀರ್ಪು: 'ಲೇ, ನಾ ಮದುವಿಗೆ ಬರ್ಬೇಕಂದ್ರ ಇಲ್ಲಿಂದ ಉಲ್ಟಾ ಸುತ್ತು ಹೋಗು. ಬಸ್ಸಿನ್ಯಾಗ. ಮನಿ ಮನಿಗೂ ಹೇಳು, ಅಕ್ಕಗ ಮೊದ್ಲು ಕೊಡಬೇಕಿತ್ತು, ತಪ್ಪು ನಂದು, ಹುಡುಗೀದಲ್ಲ ಅಂತ. ಒಂದು ಮನೀನೂ ಬಿಡಬಾರ್ದು.'

ಹೋದೆ. ಎಲ್ಲರೂ ಹೊಟ್ಟೆ ತುಂಬ ನಕ್ಕರು. ಸಿರಿಗೇರಿಯ ಷಡ್ಡಕನಂತೂ, 'ನಕ್ಷತ್ರಕ್ಕ ಕೇಳಿಸ್ಲಿಲ್ಲ, ಇನ್ನೊಮ್ಮಿ ಜೋರಾಗಿ ಹೇಳ್ರಿ' ಅಂದ.

ಕೊನೆಗೆ ಕುರುಗೋಡು. ತಂಗಿ ನಮ್ಮ ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಪಟದ ಪಕ್ಕ ಇಟ್ಟಿದ್ದಳು. 'ಅಣ್ಣಾ, ಯಾವಾಗ್ಲೂ ಎಲ್ಲಾರಿಗೂ ಹಂಚಿ ಮುಗಿದ ಮ್ಯಾಲೆ ನಮ್ಮ ನೆನಪಾಗ್ತಿತ್ತು ನಿಮಗ. ಈ ಸಲ ನಮ್ಮ ಮನಿಗೇ ಮೊದ್ಲು ಬಂದಾರ ಅಂತ ಓಣಿಗೆಲ್ಲ ಹೇಳೀನಿ.'

ನಾನು ಚಾ ಕುಡಿದೆ. ಇನ್ನೊಂದು ಕಪ್ ಕೇಳಿ ಕುಡಿದೆ. ಎದ್ದು ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನ ಫೋನು. 'ಮುಗೀತೇನಲೇ?'

'ಒಂದು ಮನ್ಯಾಗ ಹೇಳಾಕ ಆಗ್ಲಿಲ್ಲಕ್ಕಾ' ಎಂದು ತಂಗಿ ಹೇಳಿದ್ದನ್ನು ಹಾಗೇ ಒಪ್ಪಿಸಿದೆ. ಮದುವೆಗೆ ಅಕ್ಕ ಬರುವುದಿಲ್ಲ, ಮುಗಿಯಿತು ಅಂದುಕೊಂಡೆ.

'ಇರ್ಲಿ ಬಿಡು' ಅಂದಳು. 'ಆಕಿನೂ ಒಂದ್ಸಲ ದೊಡ್ಡಾಕಿ ಆಗ್ಲಿ. ಮದುವಿಗೆ ಮುಂಚೇನಾ ಬರ್ತೀನಿ, ಗಾಡಿ ಕಳಿಸು.'

ಇದನ್ನು ಶಬಾನಾಳಿಗೆ ಹೇಳಿದರೆ, 'ಇದನ್ನ ಹೆಂಗ ಲೆಕ್ಕಕ್ಕ ಹಾಕ್ಲಿ ತಾತ?' ಎಂದು ನನ್ನನ್ನೇ ಕೇಳುತ್ತಾಳೆ. ಹೈಸ್ಕೂಲಿನವನಿಗೆ ಏನು ಗೊತ್ತು?

ಕುರುಗೋಡಿನ ಅಳಿಯಾ, ನಿಮ್ಮವ್ವನಿಗೆ ಪ್ರತಿ ವಾರ ಈ ಅಂಕಣ ಓದಿ ಹೇಳುತ್ತೀಯಂತೆ. ಇದೊಂದು ವಾರ ಪೇಪರ್ ಬಂದಿಲ್ಲ ಎಂದುಬಿಡಪ್ಪ.