ಮಿಲ್ ಹಟ್ಟಿಯ ಮಡಿಲಕ್ಕಿ

ಒಣಗಿದ ಬಟ್ಟೆಯನ್ನು ಹಗ್ಗದಿಂದ ತೆಗೆದು ಕೊಡವಿದರೆ ತೌಡಿನ ಧೂಳು ಹಾರಬೇಕು. ಎಲ್ಲ ಊರುಗಳಲ್ಲೂ ಹಾಗೆಯೇ ಎಂದು ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ, ಹೇಳಿ? ನಾನು ಹುಟ್ಟಿದ್ದೇ ಕೆ.ಆರ್. ನಗರದ ಆಚೆ, ನಾಲೆಯ ಏರಿಯ ಪಕ್ಕದಲ್ಲಿದ್ದ ಅಕ್ಕಿ ಗಿರಣಿಯೊಂದರ ಮಗ್ಗುಲಲ್ಲಿ. ಮೊದಲು ಗಿರಣಿ ಬಂತು; ಆಮೇಲೆ ಭತ್ತ ಬೇಯಿಸುವವರ, ಒಣಗಿಸುವವರ, ಮೂಟೆ ಹೊರುವವರ ತಗಡಿನ ಮನೆಗಳು ಬಂದವು; ಅವುಗಳ ಹಿಂದೆಯೇ ಒಂದು ಟೀ ಅಂಗಡಿ, ಕಡೆಗೆ ಬಸ್ಸೂ ನಿಂತಿತು. ಕಂಡಕ್ಟರ್ ‘ಮಿಲ್ ಹಟ್ಟಿ’ ಎಂದು ಕೂಗಿದ ದಿನ ನಮಗೊಂದು ಊರಾಯಿತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪೇಟೆಯಲ್ಲಿ ದೊಡ್ಡ ಗಿರಣಿಗಳೆದ್ದವು. ನಮ್ಮಲ್ಲಿಗೆ ಭತ್ತದ ಗಾಡಿಗಳು ಕಡಿಮೆಯಾಗುತ್ತಾ ಬಂದು, ಒಂದು ಸುಗ್ಗಿಯಲ್ಲಿ ಬರಲೇ ಇಲ್ಲ. ಯಂತ್ರಗಳು ಲಾರಿ ಏರಿದವು. ಜನ ‘ನಮ್ಮೂರಿಗೆ ಹೋಗ್ತೀವಿ’ ಎನ್ನುತ್ತಾ ಹೊರಟರು: ಭತ್ತ ಒಣಗಿಸುತ್ತಿದ್ದ ಕೆಂಪಮ್ಮ ಎನ್. ಬೇಗೂರಿಗೆ, ಅವಳ ಜೊತೆಗಾತಿ ಸಾವಿತ್ರಕ್ಕ ಪಿರಿಯಾಪಟ್ಟಣಕ್ಕೆ. ಹಾಗಾದರೆ ಇದು ಯಾರ ಊರಾಗಿತ್ತು? ಬೇರೂರುವ ಮೊದಲೇ ಎಲ್ಲರಿಗೂ ಬೇರೆ ಊರು! ಅಲ್ಲಿ ಗುಡಿಯಿರಲಿಲ್ಲ, ಸ್ಮಶಾನವಿರಲಿಲ್ಲ, ಹಿರಿಯರ ಹೆಸರಿನ ಒಂದು ಕಲ್ಲೂ ಇರಲಿಲ್ಲ. ಹುಟ್ಟಿದ ಮಕ್ಕಳು ಮಾತ್ರ ಇದ್ದೆವು. ಒಂದು ಊರಿಗೆ ಅಷ್ಟು ಸಾಲದೇ? ನನಗೆ ಇಂದಿಗೂ ಗೊತ್ತಿಲ್ಲ.

ಭತ್ತ ಬೇಯಿಸುತ್ತಿದ್ದ ಅಪ್ಪ ನಮ್ಮನ್ನು ತನ್ನ ಹುಟ್ಟೂರು ಹಂಪಾಪುರಕ್ಕೆ ಕರೆತಂದ. ಅಲ್ಲಿಯವರು ಪ್ರೀತಿಯಿಂದಲೇ ನಮ್ಮನ್ನು ‘ಮಿಲ್‌ನೋರು’ ಎಂದರು. ಎರಡು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಗೆ ಅಪ್ಪ ಮಿಲ್ ಹಟ್ಟಿಯ ಹೆಸರು ಹೇಳಿದಾಗ ಚಿಕ್ಕಪ್ಪನಿಗೆ ನೋವಾಯಿತು.

“ಇಲ್ದಿರೋ ಊರ್ನ ಯಾಕಣ್ಣ ಬರುಸ್ತೀಯ? ನಾವೇನು ಸತ್ತೋಗಿದ್ದೀವಾ?”

“ಮಗ್ಳು ಉಟ್ಟಿದ್ದು ಅಲ್ಲೇ ಕಣೋ,” ಎಂದ ಅಪ್ಪ. ತಮ್ಮನ ಮುಖವನ್ನೇ ನೋಡುತ್ತಿದ್ದು, “ಅಂಪಾಪುರ ಅಂತ್ಲೇ ಬರುಸು ಬುಡು,” ಎಂದು ಎದ್ದು ಹೊರಗೆ ಹೋದ. ನನಗೆ ಇಬ್ಬರ ಮೇಲೂ ಕೋಪ ಬಂತು. ಇಬ್ಬರನ್ನು ಕಂಡೂ ಅಯ್ಯೋ ಎನಿಸಿತು.

ಮದುವೆಯಲ್ಲಿ ಮಡಿಲು ತುಂಬಲು ತವರೂರಿನ ಹೆಂಗಸರನ್ನು ಕರೆದಾಗ ಚಿಕ್ಕಮ್ಮ ಮೊರ ಹಿಡಿದು ಮುಂದೆ ಬಂದಳು. ಅಷ್ಟರಲ್ಲಿ ಚಪ್ಪರದ ಹಿಂದಿನಿಂದ ಕೆಂಪಮ್ಮ, ಸಾವಿತ್ರಕ್ಕ, ಮಿಲ್ಲಿನ ಇನ್ನೂ ನಾಲ್ವರು ಎದ್ದು ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅಕ್ಕಿಯ ಗಂಟು.

“ನೀವು ಯಾವೂರಿನೋರವ್ವ?” ಗಂಡಿನ ಕಡೆಯ ಅಜ್ಜಿಯೊಬ್ಬರು ಕೇಳಿದರು.

“ಎಣ್ಣಿನ ಊರ್ನೋರೇ ಕಣವ್ವ,” ಎಂದಳು ಕೆಂಪಮ್ಮ.

ಚಿಕ್ಕಮ್ಮನ ಕೈ ಮೊರದಲ್ಲೇ ನಿಂತಿತು. ಸೆರಗನ್ನು ಯಾರತ್ತ ಒಡ್ಡಬೇಕೋ ತೋಚದೆ ನನಗೆ ಅಳು ಬಂತು. ಚಿಕ್ಕಮ್ಮ ನನ್ನ ಮುಖ ನೋಡಿ, ಪಕ್ಕಕ್ಕೆ ಸರಿದು, “ನೀವೇ ಮೊದ್ಲು ಆಕಿ,” ಎಂದಳು.

ಗಂಡನ ಮನೆಯಲ್ಲಿ ಆ ಅಕ್ಕಿಯನ್ನೇ ಬೇಯಿಸಿದೆ. ಆರು ಗಂಟಿನದೂ ಚಿಕ್ಕಮ್ಮನ ಮೊರದ್ದೂ ಸೇರಿ ಏಳು ಊರಿನ ಅಕ್ಕಿ. ಕೆಲವು ಕರಗಿ ಗಂಜಿಯಾದವು, ಕೆಲವು ಬೇಯಲೇ ಇಲ್ಲ. ಅತ್ತೆ ಒಂದು ಅಗುಳು ಹಿಸುಕಿ ನೋಡಿ ನಕ್ಕರು.

“ಇದ್ಯಾವೂರಕ್ಕಿ ಮಗ?”

ಹೇಳಲು ಬಾಯಿ ತೆರೆದೆ. ಅವರು ಸೌಟು ಹಿಡಿದು ಕಾಯುತ್ತಲೇ ಇದ್ದರು.