ಮೂರು ಒಲೆಗಳ ಕೂಡುಕುಟುಂಬ

ನಾನು ಮದುವೆಯಾಗಿ ಬೆಳುವಾಯಿಗೆ ಬಂದಾಗ, ನಮ್ಮ ಜಾತಿ ಸಂಘದವರ ಲೆಕ್ಕದಲ್ಲಿ ಒಳ್ಳೆಯ ಕುಟುಂಬವೆಂದರೆ ಚಿಕ್ಕ ಕುಟುಂಬ. ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರು ಎರಡೇ ಮಕ್ಕಳಿದ್ದ ದಂಪತಿಗಳನ್ನು ಕರೆದು ಶಾಲು ಹೊದೆಸುತ್ತಿದ್ದರು. ಐದು ಹೆತ್ತಿದ್ದ ನನ್ನ ಅತ್ತೆ ಹಿಂದಿನ ಸಾಲಿನಲ್ಲಿ ಮುದುಡಿ ಕೂರುತ್ತಿದ್ದರು.

ಈಗ ಅದೇ ಅಧ್ಯಕ್ಷರಿಗೆ, ಕೂದಲಿಗೆ ಬಣ್ಣ ಬಂದ ಹಾಗೆ, ಹೊಸ ಜ್ಞಾನವೂ ಬಂದಿದೆ. ಕೂಡುಕುಟುಂಬವೇ ನಮ್ಮ ಸಂಸ್ಕೃತಿಯಂತೆ. ಅಂಥದೊಂದನ್ನು ಸನ್ಮಾನಿಸಲು ಬಂಟ್ವಾಳ, ಬೆಳ್ತಂಗಡಿಯವರೆಗೂ ಹುಡುಕಿ, ಕೊನೆಗೆ ಅವರು ನಮ್ಮ ಮನೆಗೆ ಬಂದರು.

ಮೂವರು ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದದ್ದು ನಿಜ. ಆದರೆ ಒಲೆಗಳು ಮೂರು. ಹಿರಿಯ ಓರಗಿತ್ತಿಯದ್ದು ಹಳೆಯ ಅಡುಗೆಮನೆ, ಎರಡನೆಯವಳದ್ದು ಹಿಂದಿನ ಜಗಲಿ, ನನ್ನದು ಭತ್ತ ತುಂಬುತ್ತಿದ್ದ ಕೋಣೆ. ಅತ್ತೆ ತಿಂಗಳಿಗೊಂದು ಕಡೆ ಊಟ ಮಾಡುತ್ತಿದ್ದರು. ಹಿರಿಯಳಿಗೂ ನನಗೂ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು.

ಬೇಡವೆನ್ನೋಣ ಎಂದೆ. ನನ್ನ ಗಂಡ ಕೇಳಲಿಲ್ಲ. "ಶಾಲು ತಾನೇ, ತೆಗೊಳ್ಳುವ," ಎಂದರು.

ಮೂಡುಬಿದಿರೆಯಿಂದ ಬಂದ ಫೋಟೋದವನಿಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಚಿತ್ರ ಬೇಕಿತ್ತು. ಹಾಗಾಗಿ ನಾನು ಹಳೆಯ ಅಡುಗೆಮನೆಗೆ ಕಾಲಿಟ್ಟೆ. ಓರಗಿತ್ತಿ ನನ್ನ ಮುಖ ನೋಡದೆ ಸೌಟು ಕೊಟ್ಟಳು. ಅವಳ ಸಾಂಬಾರು ಎಷ್ಟು ರುಚಿ ಎಂಬುದು ನನಗೆ ಮರೆತೇಹೋಗಿತ್ತು.

ಸಮಾರಂಭದಲ್ಲಿ ನಿರೂಪಕಿ ಈ ಒಗ್ಗಟ್ಟಿನ ಗುಟ್ಟೇನೆಂದು ಅತ್ತೆಯನ್ನು ಕೇಳಿದಳು. ಮನೆಯಲ್ಲಿ ತುಳುವನ್ನೇ ಆಡುವ ಅತ್ತೆ ಮೈಕು ಹಿಡಿದು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನಕ್ಕೆ ಹೇಳಿದರು: "ಗುಟ್ಟು ಎಂತದೂ ಇಲ್ಲ. ಪಾಲಿನ ಕೇಸು ಕೋರ್ಟಿನಲ್ಲಿ ಉಂಟು. ಮನೆ ಬಿಟ್ಟು ಹೋದವರಿಗೆ ಪಾಲು ತಪ್ಪುತ್ತದೆ ಅಂತ ಎಲ್ಲರಿಗೂ ಹೆದರಿಕೆ."

ಸಭೆ ಬಿದ್ದು ಬಿದ್ದು ನಕ್ಕಿತು. ಇಂಥ ಹಾಸ್ಯಪ್ರಜ್ಞೆ ಕೂಡುಕುಟುಂಬದಲ್ಲಿ ಮಾತ್ರ ಬೆಳೆಯುತ್ತದೆ ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿಸಿದರು. ಗಂಡಸರು ಮೂವರೂ ನೆಲ ನೋಡುತ್ತಿದ್ದರು. ಜನ ಯಾಕೆ ನಗುತ್ತಿದ್ದಾರೆಂದು ಅತ್ತೆಗೆ ಅರ್ಥವಾಗಲಿಲ್ಲ.

ಪತ್ರಿಕೆಯಲ್ಲಿ ಫೋಟೋ ಬಂತು. ಅದನ್ನು ನೋಡಿ ನಾರಾವಿಯ ಕಡೆಯವರು ಹಿರಿಯ ಓರಗಿತ್ತಿಯ, ಮಂಗಳೂರಲ್ಲಿ ಕೆಲಸಕ್ಕಿದ್ದ ಮಗನಿಗೆ ಸಂಬಂಧ ಕೇಳಿಕೊಂಡು ಬಂದರು. ಹುಡುಗಿಯ ತಾಯಿ ನಮ್ಮ ಒಗ್ಗಟ್ಟನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಓರಗಿತ್ತಿಯ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು:

"ಮದುವೆ ಆದ ಮೇಲೆ ಇವರಿಬ್ಬರು ಮಂಗಳೂರಲ್ಲಿ ಬೇರೆ ಮನೆ ಮಾಡ್ತಾರಲ್ಲ?"

"ಮಾಡದೆ ಎಂತ," ಎಂದಳು ಓರಗಿತ್ತಿ, ಒಂದು ಕ್ಷಣವೂ ಯೋಚಿಸದೆ. ಮತ್ತೆ ನೇರವಾಗಿ ನನ್ನ ಕಡೆ ತಿರುಗಿದಳು. "ನಿನ್ನ ಒಲೆಯಲ್ಲಿ ಇವರಿಗೆ ಸ್ವಲ್ಪ ಚಾ ಇಡು. ನನ್ನ ಗ್ಯಾಸ್ ಖಾಲಿ ಆಗಿದೆ."

ನಾನು ಎದ್ದು ಹೋಗಿ ಚಾ ಇಟ್ಟೆ.