ಶ್ರೀಪತಿ ಕಾಕಾನ ಗೆಸ್ಟ್‌ಬುಕ್ಕು ಓದಿ ಹೇಳಿದ ಶನಿವಾರ

ಕೆಳಗಿನ ಮನೆಯ ಶ್ರೀಪತಿ ಕಾಕಾ ಒಂದು ಕಟ್ಟು ಪ್ರಿಂಟೌಟ್ ಹಿಡಿದುಕೊಂಡು ಬಂದಾಗ ನಾನು ಅವಲಕ್ಕಿ ತಿನ್ನುತ್ತಿದ್ದೆ. ಮೊದಲ ಹಾಳೆ ನೋಡಿದ್ದೇ ತಡ, ಅವಲಕ್ಕಿ ತಟ್ಟೆ ಪಕ್ಕಕ್ಕಿಟ್ಟೆ.

ಆ ಹಾಳೆಗಳ ತುಂಬ ನನ್ನದೇ ಕಿತಾಪತಿ.

ಎರಡು ಸಾವಿರದ ಒಂದೋ ಎರಡೋ ಇಸವಿ. ನಾವು ಪುಣೆಯ ಬಿಬವೇವಾಡಿಯಲ್ಲಿದ್ದೆವು. ನನಗೆ ಕುರಕುಂಭದ ಒಂದು ಕೆಮಿಕಲ್ ಫ್ಯಾಕ್ಟರಿಯ ಪುಣೆ ಆಫೀಸಿನಲ್ಲಿ ಚಲನ್ ಟೈಪ್ ಮಾಡುವ ಕೆಲಸ.

ಯಾರೂ ಹೇಳದೆ ನಾನೇ ಮೈಮೇಲೆ ಎಳೆದುಕೊಂಡ ಕೆಲಸ ಇನ್ನೊಂದಿತ್ತು. ಪ್ರತಿ ಸೋಮವಾರ ಪುಣೆಯ ಅರವತ್ತು ಎಪ್ಪತ್ತು ಕನ್ನಡಿಗರಿಗೆ ಒಂದು ಇ-ಮೇಲ್. ಅದರಲ್ಲಿ ಐದು ವೆಬ್‌ಸೈಟ್ ಲಿಂಕು, ಪ್ರತಿಯೊಂದರ ಕೆಳಗೆ ನನ್ನ ಎರಡು ಸಾಲು ಕುಹಕ.

ಈಗ ಇದನ್ನು ಮಾಡುವವರಿಗೆ ಕಂಟೆಂಟ್ ಕ್ರಿಯೇಟರ್ ಅಂತಾರೆ. ಆಗ ನಮ್ಮವ್ವ ‘ಕೆಲಸಿಲ್ಲದಾಕಿ’ ಅಂತಿದ್ದಳು.

ಕುಹಕಕ್ಕೆ ಸರಕಿಗೇನೂ ಬರವಿರಲಿಲ್ಲ ಬಿಡಿ. ಆ ಕಾಲದ ಹೋಮ್‌ಪೇಜುಗಳನ್ನು ನೋಡಿದವರಿಗೆ ಗೊತ್ತು... ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ, ಗಿರಗಿರ ತಿರುಗುವ ಓಂ, ವರ್ಷಗಟ್ಟಲೆ ಗುದ್ದಲಿ ಹೊಡೆಯುತ್ತಲೇ ಇರುವ ‘ಅಂಡರ್ ಕನ್‌ಸ್ಟ್ರಕ್ಷನ್’ ಮನುಷ್ಯ. ಕೇಳದಿದ್ದರೂ ಕಿವಿಗೆ ಬಡಿಯುವ ಟುಂಯ್ ಟುಂಯ್ ಸಂಗೀತ ಬೇರೆ. ನೋಡಿದವರು ನಾಲ್ಕು ಮಾತು ಬರೆದು ಹೋಗಲು ಒಂದು ಗೆಸ್ಟ್‌ಬುಕ್ಕು.

ಕಾಕಾ ಬಂದ ಆ ವಾರ ಯಾರೋ ಕಳಿಸಿದ ಲಿಂಕಿನಲ್ಲಿ ಇವೆಲ್ಲವೂ ಒಂದೇ ಪೇಜಿನಲ್ಲಿದ್ದವು. ಜೊತೆಗೆ ಅಡ್ಡಡ್ಡ ಓಡುವ ಒಂದು ರೈಲು.

ನಮ್ಮ ಆಫೀಸಿನ ಡಯಲ್-ಅಪ್‌ನಲ್ಲಿ ಪೇಜು ಅರ್ಧ ಇಳಿಯುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು, ಸ್ಟಾಪ್ ಒತ್ತಿದೆ. ಪೂರ್ತಿ ನೋಡಿ ಬರೆಯುವುದಕ್ಕೆ ನಾನೇನು ಸಾಮಾನ್ಯ ಓದುಗಿಯೇ? ವಿಮರ್ಶಕಿ!

‘ಈ ಪೇಜು ತೆರೆಯುವಷ್ಟರಲ್ಲಿ ದೌಂಡ ಪ್ಯಾಸೆಂಜರ್ ಹೋಗಿ ವಾಪಸ್ ಬಂದಿರುತ್ತದೆ. ಗೆಸ್ಟ್‌ಬುಕ್ಕಿನಲ್ಲಿ ತಪ್ಪದೇ ಸಂತಾಪ ಸೂಚಿಸಿ’ ಅಂತ ಬರೆದು ಕಳಿಸಿದೆ. ನನ್ನ ಓದುಗರು ವಿಧೇಯರು, ಸೂಚಿಸಿದರು.

ಈಗ ಆ ಸಂತಾಪಗಳೆಲ್ಲ ಕಾಕಾನ ಕೈಯಲ್ಲಿವೆ.

ಕಾಕಾ ಅಂದರೆ ಪುಣೆ ಹತ್ತಿರದ ದೌಂಡ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ ಮಾಡಿ ರಿಟೈರ್ ಆದ ಧಾರವಾಡದವರು. ‘ಹುಡುಗಿಗೆ ಕಂಪ್ಯೂಟರ್ ಯಾಕೆ’ ಅಂತ ಕೂತಿದ್ದ ನಮ್ಮಪ್ಪನನ್ನು ತಿಂಗಳುಗಟ್ಟಲೆ ಬೆನ್ನು ಹತ್ತಿ ಒಪ್ಪಿಸಿದವರು ಇವರೇ. ಇವರೂ ಇಂಟರ್‌ನೆಟ್ ಕೆಫೆಗೆ ಹೋಗಿ ಏನೋ ಕಲಿಯುತ್ತಾರೆ ಅಂತ ಕೇಳಿದ್ದೆ. ಏನು ಅಂತ ಕೇಳುವ ಸೌಜನ್ಯ ನನಗಿರಲಿಲ್ಲ.

“ನನ್ನ ಪೇಜಿಗೆ ಭಾಳ ಮಂದಿ ಬಂದಾರ ವಿದ್ಯಾ. ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡೀನಿ, ಅಕ್ಷರ ಕಾಣವಲ್ವು. ಏನೇನ್ ಬರದಾರ, ಒಂದಿಷ್ಟು ಓದಿ ಹೇಳು.”

ಓದಲು ಕೂರುತ್ತೇನೆ. ಇನ್ನೇನು ಮಾಡಲಿ?

‘ನಿಮ್ಮ ಡಿಸೈನರ್ ಯಾವ ಆಸ್ಪತ್ರೆಯಲ್ಲಿದ್ದಾರೆ’ ಅಂತ ಒಬ್ಬ ಬರೆದಿದ್ದಾನೆ. “ಡಿಸೈನ್ ಯಾರು ಮಾಡಿದ್ರು ಅಂತ ಕೇಳ್ಯಾರ್ರಿ ಕಾಕಾ” ಅನ್ನುತ್ತೇನೆ.

‘ಈ ಕನ್‌ಸ್ಟ್ರಕ್ಷನ್ ಕೂಡಲೇ ನಿಲ್ಲಿಸಿ, ಜನರ ಪ್ರಾಣ ಉಳಿಸಿ’ ಅಂತ ಇನ್ನೊಬ್ಬ. “ಕೆಲಸ ಲಗೂ ಮುಗಸ್ರಿ, ಕಾಯಾಕತ್ತೀವಿ ಅಂದಾರ.”

ಕಾಕಾ ತಲೆಯಾಡಿಸುತ್ತಾರೆ. ನನ್ನ ಬೆವರು ಹಾಳೆಯ ಮೇಲೆ ಬೀಳುತ್ತದೆ. ಒಳಗಿನಿಂದ ಅವ್ವ ಚಹಾ ತಂದಿಟ್ಟು ‘ಏನ್ ಭಾರಿ ಓದ್ಲಿಕ್ಹತ್ತೀರಿ’ ಅಂತ ನಕ್ಕು ಹೋಗುತ್ತಾಳೆ.

ನಡುವೆ ಆ ಪೇಜಿನದೇ ಪ್ರಿಂಟೌಟ್ ಇತ್ತು, ಪೂರ್ತಿಯಾಗಿ. ಸೋಮವಾರ ನಾನು ನೋಡದ ಕೆಳಗಿನ ಅರ್ಧ ಮೊದಲ ಸಲ ನೋಡಿದೆ.

ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಜನ ಹಬ್ಬಕ್ಕೆ ಊರಿಗೆ ಹೋಗಲು ಯಾವ ಗಾಡಿ, ದೌಂಡದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ಮಕ್ಕಳಿದ್ದವರು ಯಾವ ಬೋಗಿ ಹತ್ತಬೇಕು... ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಕೊನೆಗೆ ಕಾಕಾನ ಹೆಸರು.

“ಅವರೇನು ಇಂಟರ್‌ನೆಟ್ ನೋಡ್ತಾರೇನ್ರಿ ಕಾಕಾ?” ಅಂದೆ. ಕೆಟ್ಟ ಚಾಳಿ, ಸಾಯುವ ಹೊತ್ತಿನಲ್ಲೂ ಬಿಡಲಿಲ್ಲ.

“ಅವರನ್ನ ಕೆಲಸಕ್ಕ ಕರಕೊಂಡು ಬಂದ ಮುಕಾದಮ್ ನೋಡ್ತಾನ. ಹಾಳಿ ಬರದು ಚಹಾದಂಗಡಿಗೆ ಹಚ್ತಾನ.”

ನಾಚಿಕೆ ಅಂದರೆ ಏನು ಅಂತ ಅವತ್ತು ಗೊತ್ತಾಯಿತು.

ಆದರೂ ಕೊನೆಯ ಹಾಳೆ ಬಾಕಿ ಇತ್ತಲ್ಲ. ನನ್ನ ವಿಧೇಯ ಓದುಗರಲ್ಲೊಬ್ಬ ಮಹಾಶಯ ನನ್ನ ಇ-ಮೇಲನ್ನೇ ಇಡಿಯಾಗಿ ಗೆಸ್ಟ್‌ಬುಕ್ಕಿಗೆ ಅಂಟಿಸಿದ್ದ. ದೌಂಡ ಪ್ಯಾಸೆಂಜರ್, ಸಂತಾಪ, ಕೆಳಗೆ ನನ್ನ ಪೂರ್ತಿ ಹೆಸರು.

ಅದನ್ನೂ ಓದಿದೆ. “ಯಾರೋ ಒಬ್ರು ನಿಮ್ಮ ಪೇಜು ಎಲ್ಲರೂ ನೋಡ್ರಿ ಅಂತ ಹೇಳ್ಯಾರ. ಇಂಥಾ ಕೆಲಸ ಮಾಡೋರು ಪುಣೆದಾಗ ಬ್ಯಾರೆ ಯಾರೂ ಇಲ್ಲ ಅಂತ ಬರದಾರ.” ಆ ಕಡೆಯದೊಂದು ಮಾತ್ರ ನನ್ನ ಮನಸ್ಸಿನ ಮಾತಾಗಿತ್ತು.

ಕಾಕಾ ಹಾಳೆಗಳನ್ನು ನಿಧಾನ ಜೋಡಿಸಿಕೊಂಡರು. ಚಹಾ ಮುಗಿಸಿದರು.

“ನಿನ್ನೆ ಕೆಫೆದಾಗ ಕೂತು ಎಲ್ಲಾ ಓದೀನಿ ವಿದ್ಯಾ. ನೀ ಬರದದ್ದೂ ಓದೀನಿ.”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ನಾನೂ ಒಂದಿಷ್ಟು ವಾದ ಮಾಡಿ ಗೆಲ್ಲಬಹುದಿತ್ತು.

ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಕೇಳಿದರು: “ಸುಳ್ಳು ಇಷ್ಟು ಛಂದ ಹೇಳ್ತಿ. ಬರೆಯೋ ಮುಂದ ಯಾಕ ಅಷ್ಟು ಕೆಟ್ಟ ಆಗ್ತಿ?”

ಇಪ್ಪತ್ತು ವರ್ಷದ ಮೇಲಾಯಿತು, ಬರೆಯಲು ಕೂತಾಗಲೆಲ್ಲ ಆ ಪ್ರಶ್ನೆ ಕೇಳಿಕೊಳ್ಳುತ್ತೇನೆ... ಉತ್ತರ ನಿಮಗೇನಾದರೂ ಗೊತ್ತಾ?